ವಿಂಚೆಸ್ಟರ್ ಮನೆಯ 'ಅನುಭವ'ಗಳು: ಎಷ್ಟು ಮನೆಯವು, ಎಷ್ಟು ದೆವ್ವದವು?

ಪ್ರಶ್ನೆಕಾರ್ತಿ:
ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರೋ ವಿಂಚೆಸ್ಟರ್ ಮಿಸ್ಟರಿ ಹೌಸ್ ಗೊತ್ತಲ್ಲ? ಊರಿಂದ ಅಪ್ಪ ಅಮ್ಮ ಬೇ ಏರಿಯಾಗೆ ಬಂದರೆ ಗೋಲ್ಡನ್ ಗೇಟ್, ಲಿವರ್‌ಮೋರ್ ದೇವಸ್ಥಾನ, ಆಮೇಲೆ ಇದು ಅಂತ ಪಟ್ಟಿ ಮಾಡೋರು ಬಹಳ. 160 ಕೋಣೆಗಳ ಮನೆ. ನೋಡಿ ಬಂದವರು ಹೇಳೋದರಲ್ಲಿ ಮತ್ತೆ ಮತ್ತೆ ಬರೋದು ಇಷ್ಟು: ಮೂರನೇ ಮಹಡಿಯಲ್ಲಿ ಹೆಜ್ಜೆ ಸಪ್ಪಳ, ನೆಲಮಾಳಿಗೆಯಲ್ಲಿ ತಳ್ಳುಗಾಡಿ ಹಿಡಿದ ಮೀಸೆ ಆಳು, ಡೇಸಿ ಬೆಡ್‌ರೂಮಲ್ಲಿ ನಿಟ್ಟುಸಿರು, ಒಲೆಯೇ ಹಚ್ಚದ ಅಡುಗೆಮನೆಯಲ್ಲಿ ಸೂಪಿನ ವಾಸನೆ, ಇದ್ದಕ್ಕಿದ್ದಂಗೆ ತಣ್ಣಗಾಗೋದು, ಯಾರೋ ಹೆಸರು ಹಿಡಿದು ಕರೆದಂಗೆ ಕೇಳೋದು, ಮೆಟ್ಟಿಲಲ್ಲಿ ತಳ್ಳಿದಂಗೆ ಅನ್ಸೋದು.

ದೆವ್ವ ಇದೆಯಾ ಇಲ್ವಾ ಅಂತ ಜಗಳ ಬೇಡ. ಇವುಗಳಲ್ಲಿ ಯಾವುದಕ್ಕೆ ಮನೆ ಕಟ್ಟಿರೋ ರೀತಿಯೇ ಕಾರಣ, ಯಾವುದಕ್ಕೆ ಅಲ್ಲ? ಮೀಟರ್ ಹಿಡಕೊಂಡು ಹೋಗೋರು ನಿಜಕ್ಕೂ ಏನು ಅಳೀತಾರೆ? ಗೊತ್ತಿರೋರು ಬಿಡಿಸಿ ಹೇಳಿ.

ನಾಳೆ ಬಾ:
ಬಾಗಿಲ ಮೇಲೆ ನನ್ನ ಹೆಸರು ಬರೆದಿದ್ದಿದ್ರೆ ಈ ತಾಪತ್ರಯವೇ ಇರ್ತಿರಲಿಲ್ಲ.

ಇತಿಹಾಸದ ಇಣುಕು:
ಮೊದಲು ತಾರೀಖು ಸರಿ ಮಾಡ್ಕೊಳ್ಳೋಣ, ಯಾಕಂದ್ರೆ ಅರ್ಧ ದೆವ್ವ ಅಲ್ಲೇ ಹುಟ್ಟೋದು. ವಿಂಚೆಸ್ಟರ್ ಬಂದೂಕು ಕಂಪನಿಯ ಮನೆತನದ ಸೊಸೆ ಸಾರಾ. ಮಗಳು ಆ್ಯನಿ 1866ರಲ್ಲಿ ಹುಟ್ಟಿದ ಕೆಲವೇ ವಾರಗಳಲ್ಲಿ ಹೋಯ್ತು. ಗಂಡ ವಿಲಿಯಂ 1881ರಲ್ಲಿ ಕ್ಷಯದಿಂದ ತೀರಿಕೊಂಡ. ಆಕೆ ಪಶ್ಚಿಮಕ್ಕೆ ಬಂದು ಸಾಂತಾ ಕ್ಲಾರಾ ಕಣಿವೆಯಲ್ಲಿ ಅರೆಬರೆ ಕಟ್ಟಿದ್ದ ಎಂಟು ಕೋಣೆಯ ತೋಟದ ಮನೆ ಕೊಂಡಿದ್ದು 1886ರಲ್ಲಿ. ತೀರಿಕೊಂಡಿದ್ದು 1922ರ ಸೆಪ್ಟೆಂಬರ್ 5ಕ್ಕೆ. ಕಳೆದು ನೋಡಿ, 36 ವರ್ಷ. "38 ವರ್ಷ ಹಗಲೂ ರಾತ್ರಿ ಸುತ್ತಿಗೆ ನಿಲ್ಲಲೇ ಇಲ್ಲ" ಅನ್ನೋದು ಜಾಹೀರಾತಿನ ಮಾತು. ಕೆಲಸ ನಿಲ್ಲಿಸಿ ಬಡಗಿಗಳನ್ನ ಮನೆಗೆ ಕಳಿಸ್ತಿದ್ದದ್ದು ಆಕೆಯ ಕಾಗದಗಳಲ್ಲೇ ಇದೆ.

ಸತ್ತವರ ಜೊತೆ ಮಾತಾಡ್ತೀನಿ ಅನ್ನೋ ಬಾಸ್ಟನ್‌ನ ಯಾವನೋ ಪ್ರೇತಮಾಧ್ಯಮದವನು "ಬಂದೂಕಿಗೆ ಸತ್ತವರ ಆತ್ಮಕ್ಕೆ ಮನೆ ಕಟ್ಟು, ನಿಲ್ಲಿಸಿದ್ರೆ ಸಾಯ್ತೀಯ" ಅಂದ ಅನ್ನೋ ಕತೆಗೆ ಆಕೆಯ ಕೈಬರಹದ ಒಂದು ಸಾಲೂ ಸಾಕ್ಷಿ ಇಲ್ಲ. ಗಾಳಿಮಾತು ಆಕೆ ಬದುಕಿದ್ದಾಗಲೇ ಪತ್ರಿಕೆಗಳಲ್ಲಿತ್ತು ಅನ್ನೋದು ಬೇರೆ ಮಾತು. ಸತ್ತ ಮೇಲೆ ಮನೆಯನ್ನ ಬ್ರೌನ್ ಅನ್ನೋ ದಂಪತಿ ಬಾಡಿಗೆಗೆ ಹಿಡಿದರು. ಮನರಂಜನಾ ಪಾರ್ಕು, ರೋಲರ್ ಕೋಸ್ಟರ್ ವ್ಯವಹಾರದ ಜನ. 1923ರಲ್ಲೇ, ಅಂದ್ರೆ ಆಕೆಯ ವರ್ಷದ ತಿಥಿ ಬರೋ ಮೊದಲೇ ಟಿಕೆಟ್ ಮಾರೋಕೆ ಶುರು. ಮರುವರ್ಷ ಮಾಯಗಾರ ಹೌಡಿನಿ ಬಂದು ನೋಡಿ ಹೋದ. ಆಮೇಲೆ ಕೇಳಬೇಕೆ?

ಅಮಾವಾಸ್ಯೆ:
ಸರಿ ಸ್ವಾಮಿ, ಕತೆ ಸುಳ್ಳು ಅಂತಲೇ ಇಟ್ಕೊಳ್ಳಿ. ಸೂರಿಗೆ ಹೋಗಿ ಮುಟ್ಟೋ ಮೆಟ್ಟಿಲು, ತೆಗೆದರೆ ಮೇಲಿಂದ ಕೆಳಗೆ ಬೀಳೋ ಬಾಗಿಲು, ನೆಲದಲ್ಲಿ ಕಿಟಕಿ... ಇವನ್ನ ತಲೆ ನೆಟ್ಟಗಿರೋರು ಕಟ್ಟಿಸ್ತಾರಾ?

ಹಳೇಮನೆ ಮಿಸ್ತ್ರಿ:
ಕಟ್ಟಿಸಲ್ಲ, ಉಳಿದುಬಿಡುತ್ತೆ. 1906ರ ಏಪ್ರಿಲ್ 18ರ ಬೆಳಗಿನ ಜಾವ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪ ಆಯ್ತಲ್ಲ, ಅದರಲ್ಲಿ ಈ ಮನೆಯ ಏಳು ಅಂತಸ್ತಿನ ಗೋಪುರ ಹೋಯ್ತು. ಮೇಲಿನ ಮಹಡಿಗಳೂ ಹೋದವು. ಬಿದ್ದದ್ದನ್ನ ತೆಗೆಸಿದರು, ಮತ್ತೆ ಕಟ್ಟಿಸಲಿಲ್ಲ. ಮೇಲಿನ ಮಹಡಿ ಕಿತ್ತು ಸೂರು ಮುಚ್ಚಿದರೆ ಅಲ್ಲಿಗೆ ಹೋಗ್ತಿದ್ದ ಮೆಟ್ಟಿಲು ಸೂರಿಗೆ ಮುಟ್ಟುತ್ತೆ. ಬಾಲ್ಕನಿ ಹೋದರೆ ಬಾಗಿಲು ಗಾಳಿಗೆ ತೆಗೆಯುತ್ತೆ. ಹಳೇ ಮನೆಯ ಹೊರಗೋಡೆಗೆ ತಾಗಿಸಿ ಹೊಸ ಕೋಣೆ ಎತ್ತಿದರೆ ಹೊರಗಿನ ಕಿಟಕಿ ಒಳಗಿನ ಕಿಟಕಿ ಆಗುತ್ತೆ. ನೆಲದಲ್ಲಿರೋ ಗಾಜಿನ ಕೆಲಸ ಕೆಳಗಿನ ಕೋಣೆಗೆ ಬೆಳಕು ಇಳಿಸೋಕೆ. ನಮ್ಮ ತೊಟ್ಟಿಮನೆಗೆ ಮೇಲಿಂದ ಬೆಳಕು ಬಿಟ್ಟಂಗೇ. ಒಟ್ಟು 52 ಸ್ಕೈಲೈಟ್ ಇದೆ ಅಲ್ಲಿ. ವಿದ್ಯುತ್ ಬೆಳಕು ಸರಿಯಾಗಿಲ್ಲದ ಕಾಲದಲ್ಲಿ 160 ಕೋಣೆಯ ಹೊಟ್ಟೆಗೆ ಬೆಳಕು ತರೋದು ಹೆಂಗೆ ಹೇಳಿ?

ಈಗ ಪ್ರಶ್ನೆಕಾರ್ತಿ ಮೇಡಂ ಕೇಳಿದ್ದಕ್ಕೆ. ತಣ್ಣನೆ ಗಾಳಿ. 47 ಅಗ್ಗಿಷ್ಟಿಕೆ ಇರೋ ಮನೆ ಅದು. ಒಂದೊಂದು ಹೊಗೆಗೂಡೂ ಗಾಳಿಗೆ ದಾರಿ. ಒಳಗೆ ಹೊರಗೆ ಬಿಸಿ ವ್ಯತ್ಯಾಸ ಇದ್ದರೆ ಪ್ರತಿ ಮೀಟರ್ ಎತ್ತರಕ್ಕೆ, ಪ್ರತಿ ಡಿಗ್ರಿಗೆ, ಸುಮಾರು 0.04 ಪ್ಯಾಸ್ಕಲ್ ಒತ್ತಡ ಹುಟ್ಟುತ್ತೆ. 10 ಮೀಟರ್ ಎತ್ತರ, 10 ಡಿಗ್ರಿ ವ್ಯತ್ಯಾಸ ಹಿಡೀರಿ: 4 ಪ್ಯಾಸ್ಕಲ್. ಎರಡು ಚದರ ಮೀಟರ್ ಬಾಗಿಲಿನ ಮೇಲೆ ಅದು 8 ನ್ಯೂಟನ್, ಹತ್ತಿರತ್ತಿರ ಒಂದು ಸೇರು ತೂಕ ಆನಿಸಿದಷ್ಟು. ಚಿಲಕ ಕೂರದ ಬಾಗಿಲು ತಾನಾಗೇ ತೆರೆಯೋಕೆ ಅಷ್ಟು ಬೇಕಾದಷ್ಟಾಯ್ತು. ಬೇಸಗೆ ಮಧ್ಯಾಹ್ನ ಹೊರಗೆ ಬಿಸಿ, ಒಳಗೆ ತಂಪು ಅಂದ್ರೆ ಗಾಳಿ ಉಲ್ಟಾ: ಹೊಗೆಗೂಡಿನಿಂದ ಕೆಳಗಿಳಿದು ಅಗ್ಗಿಷ್ಟಿಕೆ ಬಾಯಿಂದ ಕಾಲ ಹತ್ತಿರ ಹರಿಯುತ್ತೆ. ಅದಕ್ಕೇ "ಪಾದಕ್ಕೆ ತಣ್ಣಗಾಯ್ತು" ಅನ್ನೋರು ಜಾಸ್ತಿ, "ನೆತ್ತಿಗೆ ತಣ್ಣಗಾಯ್ತು" ಅನ್ನೋರು ಕಮ್ಮಿ.

ಸಪ್ಪಳ: ಮನೆಯ ಚೌಕಟ್ಟು ಹೆಚ್ಚೂಕಡಿಮೆ ಪೂರ್ತಿ ರೆಡ್‌ವುಡ್. ಆ ಮರ ಕಣ್ಣಿಗೆ ಕಾಣೋದು ಆಕೆಗೆ ಹಿಡಿಸ್ತಿರಲಿಲ್ಲ ಅಂತ ಮೇಲೆ ಬೇರೆ ಮರದ ಎಳೆಯಂಗೆ ಬಣ್ಣ ಬಿಡಿಸಿದಾರೆ. ಸ್ಯಾನ್ ಹೋಸೆಯಲ್ಲಿ ಬೇಸಗೆ ಹಗಲು 28 ಡಿಗ್ರಿ, ರಾತ್ರಿ 14ರ ಸುಮಾರು. ಸೂರ್ಯ ಇಳಿದ ಮೇಲೆ ಮಾಡು ಆರುತ್ತೆ, ಹಲಗೆ ಮೊಳೆಯಿಂದ ಜಾರುತ್ತೆ, ಟಕ್. ಒಂದಾದ ಮೇಲೊಂದು ಹಲಗೆ ಜಾರಿದರೆ ನಡೆದಂಗೇ ಕೇಳುತ್ತೆ. ಯಾವಾಗಲೂ ಮೇಲಿನ ಮಹಡಿಯಲ್ಲೇ ಯಾಕೆ ಅಂದ್ರೆ ಮಾಡು ಇರೋದು ಅಲ್ಲೇ.

ಧಾರವಾಡ ಪೇಡೆ:
ಮಿಸ್ತ್ರಿಯವರ, ಅಂಕಿ ಚಲೋ ಅದಾವ. ಆದ್ರ ಒಂದು ಮಾತು ಬಿಟ್ರಿ. ಆ ಮನ್ಯಾಗ ಒಂದ ಹೊತ್ತಿಗೆ ಒಂದ ಗುಂಪು ಇರೂದಿಲ್ರೀ. ಒಂದರ ಹಿಂದ ಒಂದು ಬಿಡ್ತಾರ. ನಿಮ್ಮ ಮ್ಯಾಲಿನ ಮಹಡ್ಯಾಗ ಇನ್ನೊಂದು ಗುಂಪಿನ 15 ಮಂದಿ ನಡದಿರತಾರ. ದೆವ್ವ ಯಾಕ ಬೇಕು?

ಕುಡ್ಲದ ಮೀನು:
ಹೌದು ಮಾರಾಯ್ರೆ. ಅದರ ಮೇಲೆ ಆ ಮನೆಯಲ್ಲಿ ಮಾತಾಡುವ ಕೊಳವೆ ಉಂಟು. ಯಜಮಾನಿ ಮೇಲಿಂದ ಕೆಲಸದವರನ್ನು ಕರೆಯಲಿಕ್ಕೆ ಗೋಡೆಯೊಳಗೆ ಇಟ್ಟದ್ದು. ಯಾವ ಕೋಣೆಯಿಂದ ಗಂಟೆ ಒತ್ತಿದರು ಅಂತ ತೋರಿಸುವ ಹಲಗೆಯೂ ಉಂಟು. ಬಿಸಿಗಾಳಿ ಹರಿಸುವ ನಾಳ ಬೇರೆ. ಇಂಥ ಕೊಳವೆಯಲ್ಲಿ ಶಬ್ದ ಹರಡುವುದೇ ಇಲ್ಲ, ಬಾಯಿಯಿಂದ ಬಾಯಿಗೆ ಹೋಗ್ತದೆ. ಇಪ್ಪತ್ತು ಮೀಟರ್ ದೂರದ ಗುಂಪಿನ ಪಿಸುಮಾತು ನಿಮ್ಮ ಕಿವಿಯ ಬುಡದಲ್ಲೇ ಬಂದ ಹಾಗೆ. ಮಧ್ಯದ ಸ್ವರ ಸರಿ ಬರ್ತದೆ, ಸ್ ಶ್ ಅನ್ನುವ ಮೇಲಿನ ಸ್ವರ ಸೋರಿಹೋಗ್ತದೆ. ಅದಕ್ಕೆ ಮಾತು ಅಂತ ಗೊತ್ತಾಗ್ತದೆ, ಏನು ಮಾತು ಅಂತ ಗೊತ್ತಾಗುವುದಿಲ್ಲ. ಆಗ ಮನಸ್ಸು ತನಗೆ ಅತಿ ಪರಿಚಯದ ಶಬ್ದ ತುಂಬಿಸ್ತದೆ. ಅದು ಯಾವುದು? ನಮ್ಮದೇ ಹೆಸರು.

ಪ್ರಶ್ನೆಕಾರ್ತಿ:
ಹೆಸರು ಕರೆದಂಗೆ ಕೇಳೋದಕ್ಕೆ ಇದು ಚೆನ್ನಾಗಿ ಕೂರುತ್ತೆ. ಸೂಪಿನ ವಾಸನೆ?

ಧಾರವಾಡ ಪೇಡೆ:
ಆವಾರದಾಗ ಕೆಫೆ ಅದ. ರಸ್ತೆ ದಾಟಿದ್ರ ಸಾಂಟಾನಾ ರೋ, ಸಾಲಿಗೆ ಹೋಟೆಲ್. ಮುಗೀತು.

ಅಮಾವಾಸ್ಯೆ:
ಎಲ್ಲಕ್ಕೂ ಗಾಳಿ, ಎಲ್ಲಕ್ಕೂ ಹೋಟೆಲ್! ಸರಿ, ಆ ಮೀಸೆಯವನು? ಒಬ್ಬರಿಗೊಬ್ಬರು ಗೊತ್ತಿಲ್ಲದ ಜನ, ಬೇರೆ ಬೇರೆ ವರ್ಷ, ಒಂದೇ ಥರ ಹೇಳ್ತಾರೆ. ಕಪ್ಪು ಮೀಸೆ, ಕೆಲಸದ ಬಟ್ಟೆ, ತಳ್ಳುಗಾಡಿ. ಕೆಲವರು ಅವನನ್ನ ಬಾಲ್‌ರೂಮಿನ ಅಗ್ಗಿಷ್ಟಿಕೆ ರಿಪೇರಿ ಮಾಡ್ತಿದ್ದಂಗೂ ನೋಡಿದಾರೆ. ಗಾಳಿಗೆ ಮೀಸೆ ಬರುತ್ತಾ?

ತರ್ಕಶಾಸ್ತ್ರಿ:
ಒಳ್ಳೇ ಪ್ರಶ್ನೆ. ಇಡೀ ಪಟ್ಟಿಯಲ್ಲಿ ನಿಜವಾಗಿ ಉತ್ತರ ಕೊಡಬೇಕಾದ್ದು ಇದೊಂದೇ ಅಂತ ನನ್ನೆಣಿಕೆ. "ಒಬ್ಬರಿಗೊಬ್ಬರು ಗೊತ್ತಿಲ್ಲ" ಅನ್ನೋದು ಸಾಲದು. ಇಬ್ಬರಿಗೂ ಒಂದೇ ಕತೆ ಮೊದಲೇ ತಲುಪಿರಬಾರದು, ಅದು ಮುಖ್ಯ. ಈ ಮನೆಯಲ್ಲಿ ಅದು ಅಸಾಧ್ಯದ ಹತ್ತಿರ. ತಳ್ಳುಗಾಡಿಯವನ ಕತೆ ದಶಕಗಳಿಂದ ಪುಸ್ತಕ, ಟಿವಿ, ಗೈಡ್ ಮಾತು ಎಲ್ಲದರಲ್ಲೂ ಇದೆ. ಇನ್ನೊಂದು ಮರೀಬೇಡಿ: ಅಷ್ಟು ದೊಡ್ಡ ಮರದ ಮನೆಗೆ ಬಣ್ಣ, ಬಡಗಿ ಕೆಲಸ ವರ್ಷಪೂರ್ತಿ ನಡೆದೇ ಇರುತ್ತೆ. ಕೆಲಸದ ಬಟ್ಟೆ ತೊಟ್ಟ ಮನುಷ್ಯ ಮಬ್ಬು ನೆಲಮಾಳಿಗೆಯಲ್ಲಿ ಕಾಣಿಸಿದರೆ ಅವನು ಕೆಲಸದವನೇ ಆಗಿರೋ ಸಾಧ್ಯತೆ ಮೊದಲು ನೋಡ್ಬೇಕಲ್ವಾ?

ಇದನ್ನ ಪರೀಕ್ಷಿಸೋ ಕ್ರಮ ಇದೆ. ರಿಚರ್ಡ್ ವೈಸ್‌ಮನ್ ಮತ್ತು ಜೊತೆಗಾರರು 2003ರಲ್ಲಿ ಪ್ರಕಟಿಸಿದ ಅಧ್ಯಯನ: ಲಂಡನ್ ಹತ್ತಿರದ ಹ್ಯಾಂಪ್ಟನ್ ಕೋರ್ಟ್ ಅರಮನೆ ಮತ್ತು ಎಡಿನ್‌ಬರೋದ ಸೌತ್ ಬ್ರಿಜ್ ಕೆಳಗಿನ ನೆಲಮಾಳಿಗೆಗಳು. ಜನರನ್ನ ಬಿಟ್ಟು ಎಲ್ಲಿ ಏನನ್ನಿಸಿತು ಅಂತ ಬರೆಸಿದರು. "ಕಾಟ ಇದೆ" ಅಂತ ಹೆಸರಾದ ಜಾಗಗಳಲ್ಲೇ ಅನುಭವ ಹೆಚ್ಚು ಬಂದವು. ಮೊದಲೇ ಕತೆ ಗೊತ್ತಿದ್ದವರಿಂದ ಮಾತ್ರ ಹಂಗಾಯ್ತು ಅನ್ನೋಕೂ ಆಗಲಿಲ್ಲ. ಅಮಾವಾಸ್ಯೆಯವರೇ, ಇದು ನಿಮ್ಮ ಪರವಾಗಿರೋ ಮಾತು, ಬಿಟ್ಟುಕೊಡ್ತೀನಿ. ಆದರೆ ಆ ಜಾಗಗಳಿಗೂ ಕೋಣೆಯ ಗಾತ್ರ, ಬೆಳಕಿನ ಮಟ್ಟ, ಆಯಸ್ಕಾಂತ ಕ್ಷೇತ್ರದ ಏರಿಳಿತ ಇಂಥವಕ್ಕೂ ನಂಟು ಸಿಕ್ಕಿತು. ಅಂದ್ರೆ ಜಾಗದಲ್ಲಿ ಏನೋ ಇದೆ, ಸರಿ. ಆ "ಏನೋ" ದೀಪ, ಸೂರಿನ ಎತ್ತರ, ಇಂಥದ್ದು.

ಅಮಾವಾಸ್ಯೆ:
ಅರ್ಧ ಗೆದ್ದಂಗಾಯ್ತು. ಥ್ಯಾಂಕ್ಸ್.

ಡೆಸಿಬೆಲ್ ದಾಸ:
ಇನ್ಫ್ರಾಸೌಂಡ್ ಯಾರೂ ಎತ್ತಲಿಲ್ಲ, ಆಶ್ಚರ್ಯ. ಕಿವಿಗೆ ಕೇಳದ, 20 ಹರ್ಟ್ಜ್‌ಗಿಂತ (ಸೆಕೆಂಡಿಗೆ 20 ಕಂಪನ) ಕೆಳಗಿನ ಶಬ್ದ. 1998ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯ ವಿಕ್ ಟ್ಯಾಂಡಿ ಪ್ರಕಟಿಸಿದ ಪ್ರಸಂಗ ಪ್ರಸಿದ್ಧ. ಪ್ರಯೋಗಾಲಯದಲ್ಲಿ ಮೈ ಜುಂ ಅನ್ನೋದು, ಕಣ್ಣಂಚಲ್ಲಿ ಬೂದು ಆಕಾರ. ವೈಸಿಗೆ (ಬಿಗಿಯಾಗಿ ಹಿಡಿಯೋ ಇಕ್ಕಳ) ಸಿಕ್ಕಿಸಿದ್ದ ಕತ್ತಿವರಸೆಯ ಕತ್ತಿ ತಾನಾಗೇ ಅದುರ್ತಿತ್ತು. ಹುಡುಕಿದರೆ ಹೊಸದಾಗಿ ಕೂರಿಸಿದ ಎಕ್ಸಾಸ್ಟ್ ಫ್ಯಾನು 19 ಹರ್ಟ್ಜ್ ಹತ್ತಿರ ಸ್ಥಾಯಿ ಅಲೆ, ಅಂದ್ರೆ ಎರಡು ಗೋಡೆ ನಡುವೆ ಪುಟಿದು ನಿಂತಲ್ಲೇ ಅದುರೋ ಅಲೆ, ಎಬ್ಬಿಸ್ತಿತ್ತು. ಫ್ಯಾನು ಕೂರಿಸಿದ್ದ ರೀತಿ ಬದಲಿಸಿದರು, ಕಾಟ ಹೋಯ್ತು.

ಎಷ್ಟು ಉದ್ದದ ಕೋಣೆಯಲ್ಲಿ ಎಷ್ಟು ಹರ್ಟ್ಜ್ ಅಲೆ ನಿಲ್ಲುತ್ತೆ ಅನ್ನೋ ಲೆಕ್ಕ ಯಾರು ಬೇಕಾದ್ರೂ ಮಾಡಬಹುದು. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಅದನ್ನ ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿ. 9 ಮೀಟರ್ ಕೋಣೆಗೆ 19 ಹರ್ಟ್ಜ್ ಬರುತ್ತೆ. ವಿಂಚೆಸ್ಟರ್ ಮನೆಯಲ್ಲಿ ಹೆಚ್ಚಿನವು ಸಣ್ಣ ಕೋಣೆ, 3ರಿಂದ 4 ಮೀಟರ್ ಅಂದ್ರೂ 57ರಿಂದ 43 ಹರ್ಟ್ಜ್. ಅದು ಕೇಳಿಸೋ ಗುಂಯ್ ಶಬ್ದ. ಹಂಗಾಗಿ ಅಲ್ಲಿ ನೋಡ್ಬೇಕಾದ್ದು ಕೋಣೆಗಳನ್ನಲ್ಲ, ಉದ್ದ ಪಡಸಾಲೆ ಮತ್ತು ಬಾಲ್‌ರೂಮು. ಅಥವಾ ಒಂದೇ ಕಿಟಕಿ ತೆರೆದ ಕೋಣೆ: ಓಡೋ ಕಾರಲ್ಲಿ ಹಿಂದಿನ ಒಂದು ಗಾಜು ಮಾತ್ರ ಇಳಿಸಿದಾಗ ಕಿವಿಗೆ ದಬದಬ ಬಡಿಯುತ್ತಲ್ಲ, ಅದೇ ತತ್ವ. ಹತ್ತಿರದಲ್ಲೇ 280 ಹೆದ್ದಾರಿ ಬೇರೆ, ಟ್ರಕ್ಕುಗಳ ಕೆಳಸ್ವರ ಯಾವಾಗಲೂ ಇರುತ್ತೆ.

ಫೋನಿನ ಆ್ಯಪ್‌ನಲ್ಲಿ ಇದನ್ನ ಅಳೀತೀನಿ ಅನ್ನೋರಿಗೆ: ಆಗಲ್ಲ. ಗಾಳಿ ಬಡಿಯೋ ಸದ್ದು ಕಮ್ಮಿ ಮಾಡೋಕೆ ಫೋನಿನ ಮೈಕು ಕೆಳಸ್ವರವನ್ನ ಬೇಕಂತಲೇ ಕತ್ತರಿಸುತ್ತೆ. ಪರದೆ ಮೇಲೆ 19 ಅಂತ ಬಂದರೆ ಅದು ನಿಮ್ಮ ಕೈ ನಡುಕ ಇರಬಹುದು.

ಹಳೇಮನೆ ಮಿಸ್ತ್ರಿ:
ಒಂದು ತಿದ್ದುಪಡಿ ದಾಸರೇ. ಟ್ಯಾಂಡಿಯ ಕತ್ತಿ ಕೋಣೆಯ ನಡುವೆ ಹೆಚ್ಚು ಅದುರ್ತಿತ್ತು ಅಂತಾರೆ. ಅದನ್ನೇ ಹಿಡಕೊಂಡು ಜನ "ನಡುವೆ ಒತ್ತಡ ಜಾಸ್ತಿ" ಅಂತ ಬರೀತಾರೆ. ಅರ್ಧ ಅಲೆಯ ಕಂಪನದಲ್ಲಿ ಒತ್ತಡ ಜಾಸ್ತಿ ಇರೋದು ಎರಡು ಗೋಡೆ ಹತ್ತಿರ. ನಡುವೆ ಜಾಸ್ತಿ ಇರೋದು ಗಾಳಿಯ ಓಡಾಟ. ಕತ್ತಿ ಅದುರೋದು ಓಡಾಟಕ್ಕೆ. ಒತ್ತಡದ ಮೀಟರನ್ನ ಕೋಣೆ ನಡುವೆ ಇಟ್ಟರೆ ಏನೂ ಸಿಗಲ್ಲ, ಮೂಲೆಯಲ್ಲಿಡಿ.

ಡೆಸಿಬೆಲ್ ದಾಸ:
ಒಪ್ಪಿದೆ. ಮೂಲೆ.

ತರ್ಕಶಾಸ್ತ್ರಿ:
ಇನ್ಫ್ರಾಸೌಂಡಿಗೂ ಅಷ್ಟು ಬೇಗ ಮಾಲೆ ಹಾಕ್ಬೇಡಿ. ಲಂಡನ್ನಿನಲ್ಲಿ ಕ್ರಿಸ್ಟೋಫರ್ ಫ್ರೆಂಚ್ ತಂಡ ಬೇಕಂತಲೇ "ದೆವ್ವದ ಕೋಣೆ" ಕಟ್ಟಿ 2009ರಲ್ಲಿ ಫಲಿತಾಂಶ ಪ್ರಕಟಿಸಿತು. 79 ಜನ ಒಬ್ಬೊಬ್ಬರಾಗಿ ಒಳಗೆ ಹೋದರು. ಕೆಲವರಿಗೆ ಇನ್ಫ್ರಾಸೌಂಡ್, ಕೆಲವರಿಗೆ ವಿದ್ಯುತ್ಕಾಂತ ಕ್ಷೇತ್ರ, ಕೆಲವರಿಗೆ ಎರಡೂ, ಕೆಲವರಿಗೆ ಏನೂ ಇಲ್ಲ. ತಲೆ ತಿರುಗು, ಯಾರೋ ಇದ್ದಂಗೆ ಅನ್ನಿಸೋದು ಬಹಳ ಜನಕ್ಕೆ ಆಯ್ತು. ಆದರೆ ಯಂತ್ರ ಹಾಕಿದ್ದಕ್ಕೂ ಆರಿಸಿದ್ದಕ್ಕೂ ಅದಕ್ಕೂ ನಂಟೇ ಇರಲಿಲ್ಲ. "ಏನಾದರೂ ಆಗಬಹುದು" ಅಂತ ಮೊದಲೇ ಹೇಳಿದ್ದಷ್ಟೇ ಸಾಕಾಗಿತ್ತು.

ನಾಳೆ ಬಾ:
ಅಂದ್ರೆ ಟಿಕೆಟ್ ಕೊಂಡಾಗಲೇ ದೆವ್ವ ಹತ್ತಿಕೊಳ್ಳುತ್ತೆ.

ಪ್ರಶ್ನೆಕಾರ್ತಿ:
ಮೀಟರ್ ಬಗ್ಗೆ ಹೇಳಿ. ಐದು ಬಣ್ಣದ ದೀಪ ಇರೋ ಡಬ್ಬಿ ಎಲ್ಲಾ ವಿಡಿಯೋದಲ್ಲೂ ಕಾಣುತ್ತೆ.

ಮೀಟರ್ ಮಾಸ್ತರ್:
ಕೆ2. ಅದು ಬದಲಾಗುತ್ತಿರೋ ಆಯಸ್ಕಾಂತ ಕ್ಷೇತ್ರ ತೋರಿಸೋ ಡಬ್ಬಿ, ವೈರಿಂಗ್ ಪರೀಕ್ಷೆಗೆ ಮಾಡಿದ್ದು. ದೀಪದ ಮೆಟ್ಟಿಲು 1.5, 2.5, 10, 20 ಮಿಲಿಗಾಸ್ (ಆಯಸ್ಕಾಂತ ಕ್ಷೇತ್ರದ ಅಳತೆ). ಕೊನೇ ಕೆಂಪು 20 ದಾಟಿದರೆ. ಕೆಂಪು ಹತ್ತೋಕೆ ದೆವ್ವ ಬೇಡ. ಗೋಡೆಯೊಳಗಿನ ವೈರು, ಫ್ಯೂಸ್ ಪೆಟ್ಟಿಗೆ, ಫ್ಯಾನ್ ಮೋಟರ್, ಎಲ್ಲಕ್ಕಿಂತ ಹೆಚ್ಚಾಗಿ ಜೇಬಿನ ಮೊಬೈಲು. ಮೊಬೈಲ್ ಟವರ್ ಜೊತೆ ಮಾತಾಡೋ ಕ್ಷಣದಲ್ಲಿ ಕೆ2 ಕುಣಿಯುತ್ತೆ. "ಇದ್ದೀಯಾ? ದೀಪ ಹಚ್ಚು" ಅಂತ ಕೇಳಿದಾಗ ಹತ್ತೋದು ಬಹಳ ಸಲ ಪಕ್ಕದವರ ವಾಟ್ಸಾಪ್.

ಮಾಡೋದಾದ್ರೆ ಹಿಂಗೆ ಮಾಡಿ: ಗುಂಪಿನ ಎಲ್ಲರ ಫೋನೂ ಏರೋಪ್ಲೇನ್ ಮೋಡಲ್ಲಿ. ಮೀಟರ್ ಕೈಯಲ್ಲಿ ಹಿಡೀಬೇಡಿ, ಅಲ್ಲಾಡದಂಗೆ ಒಂದೆಡೆ ಇಡಿ. ಎರಡು ನಿಮಿಷ ಬರೀ ಬರಕೊಳ್ಳಿ. ಅದೇ ಜಾಗ, ಅರ್ಧ ಮೀಟರ್ ಮೇಲೆ, ಅರ್ಧ ಮೀಟರ್ ಆಚೆ ಮತ್ತೆ ನೋಡಿ. ದೂರ ಹೋದಂಗೆ ನಯವಾಗಿ ಇಳಿದರೆ ಅದು ವೈರು. ಮನೆ ಕಟ್ಟಿದಾಗ ಗ್ಯಾಸ್ ದೀಪ, ವಿದ್ಯುತ್ ಗಂಟೆ ಇತ್ತು. ಆಮೇಲೆ ಪ್ರವಾಸಿಗರಿಗೆ ಅಂತ ದೀಪ ಎಳೆದಿದಾರೆ. ಪಕ್ಕಪಕ್ಕ ಹೋಗಬೇಕಾದ ಎರಡು ತಂತಿ ಬೇರೆ ಬೇರೆ ದಾರಿ ಹಿಡಿದರೆ ಕ್ಷೇತ್ರ ಒಂದಕ್ಕೊಂದು ಹೊಡೆದುಹೋಗಲ್ಲ, ಇಡೀ ಕೋಣೆ ತುಂಬುತ್ತೆ. ಹಳೇ ಮನೆಗಳ "ಕಾಟದ ಕೋಣೆ" ಎಷ್ಟೋ ಸಲ ಅಷ್ಟೇ.

ಫೋನಿನ 'ದೆವ್ವ ಪತ್ತೆ' ಆ್ಯಪ್ ಬೇರೆ ಜಾತಿ. ಅದರೊಳಗಿರೋದು ದಿಕ್ಸೂಚಿಯ ಸಂವೇದಕ. ಭೂಮಿಯದ್ದೇ 25ರಿಂದ 65 ಮೈಕ್ರೋಟೆಸ್ಲಾ. ಅಗ್ಗಿಷ್ಟಿಕೆಯ ಬೀಡುಕಬ್ಬಿಣದ ತಟ್ಟೆ ಹತ್ತಿರ ಹೋದರೆ ಏರಿಳಿಯುತ್ತೆ. 1 ಮೈಕ್ರೋಟೆಸ್ಲಾ ಅಂದ್ರೆ 10 ಮಿಲಿಗಾಸ್. ಈ ಪರಿವರ್ತನೆ ತಪ್ಪಿಸಿ "500 ಮಿಲಿಗಾಸ್ ಬಂತು!" ಅಂತ ಕೂಗೋರು ಓದ್ತಿರೋದು ಭೂಮಿತಾಯಿಯನ್ನ.

ಇನ್ನು ಗನ್ನಿನಂಗೆ ಹಿಡಿಯೋ ಥರ್ಮಾಮೀಟರು. ಕೆಂಪು ಚುಕ್ಕೆ ಎಲ್ಲಿ ಬಿತ್ತೋ ಆ ಗೋಡೆಯ ಬಿಸಿ ಹೇಳುತ್ತೆ, ಗಾಳಿಯದ್ದಲ್ಲ. 12:1 ಅಂತ ಬರೆದಿದ್ದರೆ 3.6 ಮೀಟರ್ ದೂರದಲ್ಲಿ 30 ಸೆಂಟಿಮೀಟರ್ ಅಗಲದ ಸರಾಸರಿ. ಹೊಳೆಯೋ ಹಿತ್ತಾಳೆ ಹಿಡಿಕೆಗೆ ಗುರಿ ಇಟ್ಟರೆ ಸುಳ್ಳು ಹೇಳುತ್ತೆ, ಅದು ಕನ್ನಡಿಯಂಗೆ ಬೇರೆ ಗೋಡೆ ತೋರಿಸುತ್ತೆ. "ಕೋಣೆ ನಡುವೆ ತಣ್ಣನೆ ಆಕೃತಿ ಇದೆ" ಅಂತ ಇದರಲ್ಲಿ ಹೇಳೋಕೇ ಬರಲ್ಲ. ಗಾಳಿ ಎತ್ತ ಹರೀತಿದೆ ನೋಡೋಕೆ ಊದುಬತ್ತಿ ಹೊಗೆ ಅತ್ಯುತ್ತಮ, ಆದರೆ ಅಲ್ಲಿ ಹಚ್ಚೋ ಹಾಗಿಲ್ಲ, ಮರದ ಮನೆ. ಒಂದು ಗೇಣು ಟಿಶ್ಯೂ ಪಟ್ಟಿ ಎರಡು ಬೆರಳಲ್ಲಿ ಹಿಡೀರಿ, ಸಾಕು.

ಕುಡ್ಲದ ಮೀನು:
ದೆವ್ವದ ಮಾತು ಕೇಳ್ತದೆ ಅಂತ ರೇಡಿಯೋ ಚಾನೆಲ್ ಸರಸರ ಬದಲಾಯಿಸುವ ಡಬ್ಬಿ ಬಿಟ್ಟಿರಲ್ಲ. ಬೇ ಏರಿಯಾದಲ್ಲಿ ಅದನ್ನು ತಿರುಗಿಸಿದರೆ ಹಿಂದಿ ಹಾಡೂ ಬರ್ತದೆ. ಸಾರಾ ಅಮ್ಮ ಹಿಂದಿ ಯಾವಾಗ ಕಲಿತದ್ದು?

ನಾಳೆ ಬಾ:
ಫೋಟೋದಲ್ಲಿ ಬರೋ ಬೆಳಕಿನ ಗೋಲಿ?

ಮೀಟರ್ ಮಾಸ್ತರ್:
ಲೆನ್ಸಿನ ಮುಂದೆ ಒಂದು ಗೇಣಿನೊಳಗೆ ತೇಲೋ ಧೂಳು. ಫ್ಲಾಶ್ ಲೆನ್ಸಿಗೆ ಹತ್ತಿರ ಇದ್ದಷ್ಟೂ ಜಾಸ್ತಿ. ಫ್ಲಾಶ್ ಇಲ್ಲದೆ ತೆಗೀರಿ, ಮಾಯ.

ಗೀಸರ್ ರಿಪೇರಿ:
ವಿಷಯದಿಂದ ಸ್ವಲ್ಪ ಆಚೆ, ಆದರೆ ಹೇಳಲೇಬೇಕು. ಪ್ರವಾಸಿ ಮನೆ ಬಿಡಿ. ತಾವಿರೋ ಮನೆಯಲ್ಲೇ ತಲೆಭಾರ, ಎದೆ ಮೇಲೆ ಯಾರೋ ಕೂತಂಗೆ, ಹೆಜ್ಜೆ ಸಪ್ಪಳ ಅಂತ ಯಾರಾದ್ರೂ ಅಂದರೆ ಮಂತ್ರವಾದಿಗಿಂತ ಮೊದಲು ಕಾರ್ಬನ್ ಮಾನಾಕ್ಸೈಡ್ (ಬೆಂಕಿ ಸರಿಯಾಗಿ ಉರಿಯದಾಗ ಹುಟ್ಟೋ, ವಾಸನೆಯಿಲ್ಲದ ವಿಷಗಾಳಿ) ನೋಡಿ. ಅಮೆರಿಕದ ಕಣ್ಣಿನ ವೈದ್ಯ ವಿಲ್ಮರ್ 1921ರಲ್ಲೇ ಒಂದು ಕುಟುಂಬದ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲಿ ಹಾಕಿದ್ದ. ಹೊಸ ಮನೆಗೆ ಬಂದ ಮೇಲೆ ದೆವ್ವದ ಕಾಟ, ಗಿಡಗಳೂ ಬಾಡಿದವು. ಮನೆ ಬೆಚ್ಚಗಿಡೋ ಕುಲುಮೆ ಕೆಟ್ಟು ಅದರ ಹೊಗೆ ಹೊರಹೋಗದೆ ಮನೆಯೊಳಗೇ ಸೇರ್ತಿತ್ತು. ಅದನ್ನ ಸರಿ ಮಾಡಿಸಿದರು, ದೆವ್ವ ಹೋಯ್ತು.

ನಮ್ಮಲ್ಲಿ ಇದರ ಹೆಸರು ಗ್ಯಾಸ್ ಗೀಸರ್. ಬಚ್ಚಲೊಳಗೇ ಗೀಸರ್, ಕಿಟಕಿ ಮುಚ್ಚಿದೆ, ಎಕ್ಸಾಸ್ಟ್ ಇಲ್ಲ. ಬೆಂಗಳೂರಲ್ಲಿ ಚಳಿ ಬಂತು ಅಂದ್ರೆ ಸಾವಿನ ಸುದ್ದಿ ಬಂದೇ ಬರುತ್ತೆ. ಗೀಸರ್ ಬಚ್ಚಲ ಹೊರಗೆ ಗಾಳಿಯಾಡೋ ಕಡೆ ಇರಬೇಕು, ಬರೀ ಬಿಸಿನೀರ ಪೈಪು ಒಳಗೆ. ಜ್ವಾಲೆ ನೀಲಿ ಇರಬೇಕು. ಹಳದಿಯಾಗಿ ಮಸಿ ಕಟ್ತಿದ್ದರೆ ಬರ್ನರ್ ಕಟ್ಟಿದೆ, ಆವತ್ತೇ ನಿಲ್ಲಿಸಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟು ಮಲಗೋದೂ ಅಷ್ಟೇ ಅಪಾಯ.

ಅಲಾರಂ ಕೊಳ್ಳೋರಿಗೆ: ಎಲ್‌ಪಿಜಿ ಸೋರಿಕೆ ಅಲಾರಂ ಇದನ್ನ ಹಿಡಿಯಲ್ಲ, ಹೊಗೆ ಅಲಾರಮ್ಮೂ ಹಿಡಿಯಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಅದರ ಅಲಾರಂ ನೆಲದ ಹತ್ತಿರ. ಮಾನಾಕ್ಸೈಡ್ ಹೆಚ್ಚೂಕಡಿಮೆ ಗಾಳಿಯಷ್ಟೇ ತೂಕ, ಉಸಿರಾಡೋ ಎತ್ತರಕ್ಕೆ ಹಾಕಿ. ಅಮೆರಿಕದ ಮಾನದಂಡದವು 70 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 70 ಭಾಗ) ಆದರೆ ಒಂದರಿಂದ ನಾಲ್ಕು ಗಂಟೆಯೊಳಗೆ, 400 ಆದರೆ 4ರಿಂದ 15 ನಿಮಿಷದೊಳಗೆ ಕೂಗ್ತವೆ. ಸಂವೇದಕಕ್ಕೆ ಆಯಸ್ಸಿದೆ. ಡಬ್ಬಿ ಹಿಂದೆ ತಾರೀಖು ಬರೆದಿರ್ತಾರೆ, ಮುಗಿದ ಮೇಲೆ ಎಸೀರಿ, ಬ್ಯಾಟರಿ ಬದಲಿಸಿದರೆ ಸಾಲದು.

ಮೇಲ್ವಿಚಾರಕ:
ಗೀಸರ್ ಬಗ್ಗೆ ಬೇರೆ ಎಳೆ ಶುರು ಮಾಡಿ. ಉಪಯೋಗದ್ದು ಅಂತ ಇಲ್ಲಿಂದ ತೆಗೀತಿಲ್ಲ.

ಧಾರವಾಡ ಪೇಡೆ:
ಮೆಟ್ಟಲದ ಮ್ಯಾಲೆ ತಳ್ಳಿದಂಗ ಆಗೂದು ಯಾರೂ ಹೇಳಲಿಲ್ಲ ನೋಡ್ರಿ.

ಹಳೇಮನೆ ಮಿಸ್ತ್ರಿ:
ಅದು ನನಗೆ ಅತಿ ಇಷ್ಟದ ಭಾಗ. ಆ ಮನೆಯಲ್ಲಿ 44 ಮೆಟ್ಟಿಲ, ಏಳು ತಿರುವಿನ ಒಂದು ಏಣಿ ಇದೆ. ಇಷ್ಟೆಲ್ಲಾ ಸುತ್ತಿ ಏರೋದು ಬರೀ 9 ಅಡಿ. "ಒಂದೊಂದು ಮೆಟ್ಟಿಲು 2 ಇಂಚು" ಅಂತ ಎಲ್ಲರೂ ಬರೀತಾರೆ. ಭಾಗಿಸಿ ನೋಡಿ: 108 ಇಂಚು, 44 ಮೆಟ್ಟಿಲು, 2.45 ಇಂಚು ಬರುತ್ತೆ. ಇರಲಿ. ಮಾಮೂಲಿ ಮೆಟ್ಟಿಲು 7 ಇಂಚು, ಅಷ್ಟೇ ಎತ್ತರಕ್ಕೆ 15 ಸಾಕಿತ್ತು. ಸಾರಾಗೆ ಸಂಧಿವಾತ, ಕಾಲು ಎತ್ತೋಕೆ ಆಗ್ತಿರಲಿಲ್ಲ, ಅದಕ್ಕೆ ಈ ಏರ್ಪಾಡು. ಪ್ರೇತಕ್ಕೆ ದಾರಿ ತಪ್ಪಿಸೋಕೆ ಅಂತ ಗೈಡ್ ಕತೆ.

ನಮ್ಮ ಕಾಲಿಗೆ 7 ಇಂಚು ಬಾಯಿಪಾಠ. ಕಣ್ಣು ನೋಡದೇ ಇದ್ದರೂ ಕಾಲು ಅಷ್ಟು ಎತ್ತುತ್ತೆ. ಇಲ್ಲಿ ಎತ್ತಿದ ಕಾಲು ಗಾಳಿಯಲ್ಲೇ ಉಳಿಯುತ್ತೆ, ನೆಲ ಅಂದುಕೊಂಡದ್ದಕ್ಕಿಂತ ಕೆಳಗೆ ಸಿಗುತ್ತೆ, ಮೈ ಮುಂದಕ್ಕೆ ವಾಲುತ್ತೆ. ಅದೇ "ತಳ್ಳಿದ್ದು". ಏಳು ತಿರುವಲ್ಲಿ ದಿಕ್ಕೂ ತಪ್ಪಿರುತ್ತೆ. ಕತ್ತಲಲ್ಲಿ ಟಾರ್ಚ್ ಹಿಡಿದು ಹೋಗೋ ವಿಶೇಷ ಸುತ್ತಿನಲ್ಲಿ, ಅಂದ್ರೆ ಶುಕ್ರವಾರ 13ನೇ ತಾರೀಖು ಬಿದ್ದಾಗ, ಹ್ಯಾಲೋವೀನ್ ಹೊತ್ತಲ್ಲಿ, ಕಾಲ ಕೆಳಗೆ ಕಾಣೋದೇ ಇಲ್ಲ. ಹೆಚ್ಚು ಜನಕ್ಕೆ 'ಅನುಭವ' ಆಗೋದೂ ಆವತ್ತೇ.

ವಾಸ್ತು ವಾಸು:
44 ಸಮಸಂಖ್ಯೆ. ಮೆಟ್ಟಿಲು ಬೆಸ ಇರಬೇಕು. ಅಲ್ಲೇ ದೋಷ.

ಇತಿಹಾಸದ ಇಣುಕು:
ಆಕೆಗೆ 13ರ ಹುಚ್ಚು ಅಂತಾರೆ ವಾಸು ಅವರೇ, ಅದು ಬೆಸ ತಾನೇ? 13 ಬಚ್ಚಲು, 13 ಕೊಕ್ಕೆ, 13 ತೂತಿನ ಜಾಲರಿ. ಇದರಲ್ಲೂ ಎಷ್ಟು ಆಕೆಯದ್ದು, ಎಷ್ಟು ಆಮೇಲೆ ಪ್ರವಾಸಿಗರಿಗಾಗಿ ಎಣಿಸಿ ತೋರಿಸಿದ್ದು ಅನ್ನೋದು ವಿವಾದ. 160 ಕೋಣೆಯಲ್ಲಿ ಯಾವ ಸಂಖ್ಯೆ ಹುಡುಕಿದರೂ ಸಿಗುತ್ತೆ. 47 ಮೆಟ್ಟಿಲ ಸಾಲು, 47 ಅಗ್ಗಿಷ್ಟಿಕೆ ಇವೆ. 47ರ ದೆವ್ವ ಯಾಕೆ ಇಲ್ಲ?

ಅಮಾವಾಸ್ಯೆ:
ನಿಟ್ಟುಸಿರು ಉಳೀತು. ಡೇಸಿ ಬೆಡ್‌ರೂಮು. ಭೂಕಂಪದ ಹೊತ್ತಲ್ಲಿ ಆಕೆ ಸಿಕ್ಕಿಬಿದ್ದಳು ಅನ್ನೋ ಕೋಣೆ ಅದು. ಅದಕ್ಕೂ ಹೊಗೆಗೂಡು ಅಂತೀರಾ?

ಹಳೇಮನೆ ಮಿಸ್ತ್ರಿ:
ಅಂತೀನಿ! ಆ ಕೋಣೆಯಲ್ಲೂ ಅಗ್ಗಿಷ್ಟಿಕೆ ಇದೆ. ಹೊಗೆಗೂಡಿನ ಬಾಯಿಗೆ ಅಡ್ಡಲಾಗಿ ಗಾಳಿ ಬೀಸಿದರೆ ಬಾಟಲಿ ಊದಿದಂಗೆ, ಗಾಳಿ ಎದ್ದು ಇಳಿಯೋ ಲಯಕ್ಕೆ ಹೂಂ... ಅಂತ ಬರುತ್ತೆ. ಆದರೆ ಒಂದು ಒಪ್ತೀನಿ. ಆ ಕೋಣೆಯಲ್ಲಿ, ಗಾಳಿಯೇ ಇಲ್ಲದ ದಿನ, ಹೊಗೆಗೂಡು ಮುಚ್ಚಿಟ್ಟು, ಅಕ್ಕಪಕ್ಕ ಗುಂಪಿಲ್ಲದೆ ಯಾರಾದ್ರೂ ಸರಿಯಾದ ಮೈಕಿಟ್ಟು ನಿಟ್ಟುಸಿರು ದಾಖಲಿಸಿದರೆ, ನನ್ನ ವಿವರಣೆ ಬಿತ್ತು.

ತರ್ಕಶಾಸ್ತ್ರಿ:
ಅದಕ್ಕೆ ಕ್ರಮ ಹೇಳಿಬಿಡ್ತೀನಿ. ಮೈಕಿನಲ್ಲಿ ಶಬ್ದ ತಾನಾಗೇ ಏರಿಸೋ ವ್ಯವಸ್ಥೆ ಆರಿಸಬೇಕು, ಇಲ್ಲದಿದ್ದರೆ ನಿಶ್ಶಬ್ದದಲ್ಲಿ ಅದು ತನ್ನದೇ ಸುಯ್ ಅನ್ನೋದನ್ನ ದೊಡ್ಡದು ಮಾಡಿ ನಿಟ್ಟುಸಿರು ಕೊಡುತ್ತೆ. ಎರಡು ಮೈಕು, ಒಂದು ಪಕ್ಕದ ಕೋಣೆಗೆ, ಗಡಿಯಾರ ಒಂದೇ. ಒಳಗೆ ಹೋದವರು ಒಬ್ಬರಿಗೊಬ್ಬರು ಮಾತಾಡೋ ಮೊದಲು ತಮ್ಮ ತಮ್ಮ ಚೀಟಿಯಲ್ಲಿ ಹೊತ್ತು, ಜಾಗ, ಅನ್ನಿಸಿದ್ದು ಬರೀಬೇಕು. ಒಬ್ಬರು "ನಿಂಗೂ ಕೇಳ್ತಾ?" ಅಂದ ಕ್ಷಣ ಸಾಕ್ಷಿ ಎರಡರಿಂದ ಒಂದಕ್ಕೆ ಇಳೀತು. ಬಾಗಿಲ ಹಿಡಿಕೆ ಅಲ್ಲಾಡಿದ್ದು ಕಂಡರೆ ಹೊತ್ತು ಬರಕೊಂಡು ಅಮೆರಿಕದ ಭೂವಿಜ್ಞಾನ ಸಂಸ್ಥೆಯ ಭೂಕಂಪದ ನಕ್ಷೆಯಲ್ಲಿ ನೋಡಿ. ಸಾನ್ ಆ್ಯಂಡ್ರಿಯಾಸ್, ಹೇವರ್ಡ್, ಕ್ಯಾಲವೆರಾಸ್ ಮೂರೂ ಬಿರುಕುಗಳ ನಡುವಿನ ಊರು ಅದು. ಮೈಗೆ ಗೊತ್ತಾಗದ ಕಂಪನ ಸಡಿಲ ಹಿಡಿಕೆಗೆ ಗೊತ್ತಾಗಬಹುದು.

ಕುಡ್ಲದ ಮೀನು:
ಕಿಟಕಿಯಲ್ಲಿ ಮುಖ ಕಾಣುವುದು ಪಟ್ಟಿಯಲ್ಲಿಲ್ಲ, ಆದರೆ ಅದನ್ನೂ ಸೇರಿಸಿ. ಸಾವಿರಾರು ಗಾಜಿನ ತುಂಡು, ಹಳೆಯ ಗಾಜು ಅಲೆ ಅಲೆಯಾಗಿ ಇರ್ತದೆ. ಕೋಣೆಯಿಂದ ಕೋಣೆಗೆ ಒಳಕಿಟಕಿ ಬೇರೆ. ಆಚೆ ಗುಂಪಿನ ಒಬ್ಬರ ಮುಖ ಎರಡು ಗಾಜು ದಾಟಿ ನಿಮ್ಮ ಪ್ರತಿಬಿಂಬದ ಮೇಲೆ ಕೂತ್ಕೊಳ್ತದೆ. ಕೈ ಎತ್ತಿ ನೋಡಿ, ಅದೂ ಎತ್ತಿದರೆ ನೀವೇ.

ಅಮಾವಾಸ್ಯೆ:
ಎತ್ತದಿದ್ದರೆ?

ಧಾರವಾಡ ಪೇಡೆ:
ಎತ್ತದಿದ್ರ ಆಚೆ ಗುಂಪಿನವ್ರು. ನಕ್ಕು ಕೈ ಬೀಸ್ರಿ.

ಪ್ರಶ್ನೆಕಾರ್ತಿ:
ಎಲ್ಲರಿಗೂ ಧನ್ಯವಾದ. ಕೊನೇದಾಗಿ ಒಂದು: ಮೊಣಕಾಲು ನೋವಿರೋ ಹಿರಿಯರಿಗೆ ಆಗುತ್ತಾ? ಆ 44 ಮೆಟ್ಟಿಲು ಅವರಿಗೆ ಅಂತಲೇ ಕಟ್ಟಿದಂಗಿದೆ.

ಹಳೇಮನೆ ಮಿಸ್ತ್ರಿ:
ಆ ಒಂದು ಏಣಿ ಸಲೀಸು. ಉಳಿದವು ಮಾಮೂಲಿ ಮೆಟ್ಟಿಲು, ಕೆಲವು ಇಕ್ಕಟ್ಟು. ಲಿಫ್ಟ್ ಮೂರಿವೆ, ನಿಮಗೆ ಹತ್ತೋಕೆ ಅಲ್ಲ. ಒಂದು ಗಂಟೆಗೂ ಮೇಲೆ ನಡಿಗೆ, ನೂರಕ್ಕೂ ಹೆಚ್ಚು ಕೋಣೆ, ನಡುವೆ ಬೇಕಾದಾಗ ಕೂರೋಕೆ ಆಗಲ್ಲ. ಗುಂಪು ಬಿಟ್ಟು ಒಬ್ಬರೇ ಹಿಂದೆ ಉಳಿಯೋಕೂ ಬಿಡಲ್ಲ. ಆಗದವರಿಗೆ ತೋಟ ಇದೆ, ನೆರಳಲ್ಲಿ ಕೂರಿಸಿ. ಒಳಗೆ ಬರೋರಿಗೆ ಗಟ್ಟಿ ಹಿಡಿತದ ಶೂ ಹಾಕಿಸಿ, ಚಪ್ಪಲಿ ಬೇಡ.

ನಾಳೆ ಬಾ:
ತೋಟದಲ್ಲಿ ಕೂತವರಿಗೆ ಯಾರಾದ್ರೂ ತಳ್ಳುಗಾಡಿ ತಳ್ಕೊಂಡು ಬಂದರೆ ಮಾತಾಡಿಸಿ ಅನ್ನಿ. ತೋಟದ ಮಾಲಿ ಇರ್ತಾನೆ, ಪಾಪ.